ಸಂತೆಯ ಲೆಕ್ಕ ಮತ್ತು ಶಾಲೆಯ ಲೆಕ್ಕ

ಮಗುವಿಗೆ ಲೆಕ್ಕ ಬಾರದಿದ್ದರೆ ಬುದ್ಧಿ ಸಾಲದೆಂದು ತಂದೆತಾಯಿಗಳೂ ಅಭ್ಯಾಸ ಸಾಲದೆಂದು ಉಪಾಧ್ಯಾಯರೂ ಹೇಳುವುದು ವಾಡಿಕೆ. ಈ ಎರಡು ಕಾರಣಗಳೂ ಪೂರ್ಣಸತ್ಯವಲ್ಲವೆಂಬುದಕ್ಕೆ ಬಲವಾದ ಸಾಕ್ಷ್ಯವೊಂದು 2025ರಲ್ಲಿ ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಹಾಗೂ ಅವರ ಸಹೋದ್ಯೋಗಿಗಳು ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ ಸುಮಾರು 1,400 ಮಕ್ಕಳನ್ನು ಪರೀಕ್ಷಿಸಿದರು. ತೂಕ, ದರ, ಮರಳಿ ಕೊಡಬೇಕಾದ ಚಿಲ್ಲರೆ ಇವೆಲ್ಲವನ್ನೂ ಆ ಮಕ್ಕಳಲ್ಲಿ ಹೆಚ್ಚಿನವರು ಕಾಗದದ ನೆರವಿಲ್ಲದೆ ಮನಸ್ಸಿನಲ್ಲಿಯೇ ಸರಿಯಾಗಿ ಎಣಿಸಿದರು. ಪಠ್ಯಪುಸ್ತಕದ ರೀತಿಯ ಭಾಗಾಕಾರವನ್ನು ಕೊಟ್ಟಾಗಲಾದರೋ ಬಹುಮಂದಿ ಸೋತರು. ವ್ಯಾಪಾರವನ್ನರಿಯದ ಶಾಲಾಮಕ್ಕಳ ಸ್ಥಿತಿ ಇದಕ್ಕೆ ತಿರುವುಮುರುವು. ಬರೆದ ಲೆಕ್ಕವನ್ನು ಅವರು ಹೆಚ್ಚು ಚೆನ್ನಾಗಿ ಮಾಡಿದರು. ಕೊಳ್ಳುವ ಮಾರುವ ಸರಳ ಪ್ರಶ್ನೆಯಲ್ಲಿ ತಡವರಿಸಿದರು.

ಮಕ್ಕಳನ್ನು ಅಂಗಡಿಯಲ್ಲಿ ಕೂರಿಸಬೇಕೆಂದು ಇದರ ಅರ್ಥವಲ್ಲ. ಅವರ ಸ್ಥಳ ಶಾಲೆಯೇ. ಒಂದೇ ಗಣಿತವು ಮಗುವಿನ ಮನಸ್ಸಿನಲ್ಲಿ ಪರಸ್ಪರ ಪರಿಚಯವಿಲ್ಲದ ಎರಡು ಕೋಣೆಗಳಲ್ಲಿ ವಾಸಿಸುತ್ತಿದೆಯೆಂಬುದೇ ಇಲ್ಲಿ ಗಮನಿಸತಕ್ಕ ಅಂಶ. ಅವುಗಳ ನಡುವಣ ಬಾಗಿಲನ್ನು ತೆರೆಯುವುದು ಉಪಾಧ್ಯಾಯರ ಕೆಲಸ.

ಕಿಲೋಗೆ 35 ರೂಪಾಯಿಯಂತೆ 12 ಕಿಲೋ ಈರುಳ್ಳಿಯ ಬೆಲೆಯೆಷ್ಟು? ಸಂತೆಯ ಹುಡುಗನು ಹತ್ತು ಕಿಲೋಗೆ 350, ಎರಡಕ್ಕೆ 70, ಒಟ್ಟು 420 ಎನ್ನುತ್ತಾನೆ. ಶಾಲೆಯಲ್ಲಿ 35ರ ಕೆಳಗೆ 12ನ್ನು ಬರೆದು, ಮೊದಲು ಎರಡರಿಂದ ಗುಣಿಸಿ 70, ಅನಂತರ ಒಂದರಿಂದ ಗುಣಿಸಿ 35 ಎಂದು ಬರೆಯುತ್ತಾರೆ. ಈ ಎರಡನೆಯ ಸಾಲನ್ನು ಒಂದು ಸ್ಥಾನ ಎಡಕ್ಕೆ ಸರಿಸಬೇಕು. ಏಕೆಂದು ಕೇಳಿದರೆ, ಅದು ಕ್ರಮ ಎಂಬ ಉತ್ತರವೇ ಅನೇಕ ತರಗತಿಗಳಲ್ಲಿ ದೊರೆಯುತ್ತದೆ. ವಾಸ್ತವವಾಗಿ ಆ 35 ಎಂಬುದು ಹತ್ತು ಕಿಲೋ ಈರುಳ್ಳಿಯ ಬೆಲೆಯಾದ 350. ಸೊನ್ನೆಯನ್ನು ಬರೆಯದೆ ಬಿಟ್ಟಿದೆ, ಅಷ್ಟೆ. ಎರಡು ವಿಧಾನಗಳನ್ನೂ ಕರಿಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು ಗೆರೆಯೆಳೆದು ಜೋಡಿಸಿದರೆ ಹತ್ತು ನಿಮಿಷಗಳ ಪಾಠವಾಗುತ್ತದೆ. ಪಾಠಪಟ್ಟಿಯನ್ನು ಮುಗಿಸುವ ಅವಸರದಲ್ಲಿ ಆ ಹತ್ತು ನಿಮಿಷಗಳೇ ಮೊದಲು ಬಲಿಯಾಗುವುದು ವಿಷಾದದ ಸಂಗತಿ.

ಭಾಗಾಕಾರದಲ್ಲಿ ತೊಡಕು ಇನ್ನೂ ಹೆಚ್ಚು. 2024ರ ಅಸರ್ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳ ಪೈಕಿ ಸರಳ ಭಾಗಾಕಾರವನ್ನು ಮಾಡಬಲ್ಲವರು ನೂರಕ್ಕೆ ಸುಮಾರು 31 ಮಾತ್ರ. ಮಾಡಬಲ್ಲವರಿಗಾದರೂ ಶೇಷದ ಅರ್ಥ ತಿಳಿದಿರುತ್ತದೆಯೇ? ಪ್ರಸಾದನಿಲಯವೊಂದರಲ್ಲಿ 130 ಮಕ್ಕಳಿದ್ದು, ಒಂದು ಪಂಕ್ತಿಗೆ 40 ಮಂದಿ ಕುಳಿತುಕೊಳ್ಳಬಹುದೆಂದಿಟ್ಟುಕೊಳ್ಳೋಣ. ಭಾಗಲಬ್ಧ 3, ಶೇಷ 10 ಎಂದು ಬರೆದವನಿಗೆ ಪೂರ್ಣ ಅಂಕ ದೊರೆಯುತ್ತದೆ. ಆದರೆ ಎಷ್ಟು ಪಂಕ್ತಿ ಹಾಕಬೇಕೆಂದು ಕೇಳಿದಾಗ ಮೂರು ಎಂದರೆ ಹತ್ತು ಮಕ್ಕಳು ಹಸಿದು ನಿಲ್ಲುತ್ತಾರೆ. ಬಡಿಸುವ ಕೆಲಸದಲ್ಲಿ ಕೈಗೂಡಿಸಿದ ವಿದ್ಯಾರ್ಥಿಯು ನಾಲ್ಕು ಎಂದು ತಟ್ಟನೆ ಹೇಳುವನು. ದಾಸೋಹದ ಈ ಲೆಕ್ಕವನ್ನು ತರಗತಿಗೆ ತರಲು ಹಣವೂ ಬೇಡ, ಉಪಕರಣವೂ ಬೇಡ.

ಇದು ಹೊಸ ಮಾರ್ಗವೇನೂ ಅಲ್ಲ. ಶರಣರ ಕಾಲವಾದ ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ಕನ್ನಡದಲ್ಲಿ ಗಣಿತಗ್ರಂಥವನ್ನು ರಚಿಸಿ ಅದಕ್ಕೆ ‘ವ್ಯವಹಾರಗಣಿತ’ವೆಂದೇ ಹೆಸರಿಟ್ಟನು.

ಭಿನ್ನರಾಶಿಯ ಪಾಠಕ್ಕೆ ಬರುವಾಗ ಈ ದೃಷ್ಟಿ ಅತ್ಯಗತ್ಯ. ಅರ್ಧ ಕಿಲೋ ಬೆಲ್ಲಕ್ಕೆ ಕಾಲು ಕಿಲೋ ಸೇರಿಸಿದರೆ ಮುಕ್ಕಾಲು ಕಿಲೋ ಎಂದು ಮನೆಯಲ್ಲಿ ಬಲ್ಲ ಮಗುವೇ ಶಾಲೆಯಲ್ಲಿ 1/2 + 1/4 = 2/6 ಎಂದು ಬರೆಯುತ್ತದೆ. ಕೆಂಪು ಮಸಿಯಲ್ಲಿ ತಪ್ಪು ಗುರುತು ಹಾಕುವುದಕ್ಕೆ ಮುನ್ನ ಉಪಾಧ್ಯಾಯರು ಒಂದು ಪ್ರಶ್ನೆ ಕೇಳಬಹುದು: ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಬಂದ ಈ 2/6, ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ? ಆರು ಪಾಲು ಮಾಡಿದ ಬೆಲ್ಲದಲ್ಲಿ ಎರಡು ಪಾಲನ್ನು ಕೈಗೆ ಕೊಟ್ಟು ನೋಡಿದರೆ ಮಗು ತನ್ನ ಉತ್ತರವನ್ನು ತಾನೇ ಅಳಿಸಿಹಾಕುವುದು.