ಹೆಪಟೈಟಿಸ್ 'ಇ': ಶುದ್ಧ ನೀರಿನ ನಾಡಿನಲ್ಲೂ ಕಾಮಾಲೆ

ಕಾಮಾಲೆ ಎಂದ ಕೂಡಲೇ ನಿಮಗೆ ನೆನಪಾಗುವುದೇನು? ಒಡೆದ ಕೊಳವೆ, ಚರಂಡಿ ನೀರು ಬೆರೆತ ನಲ್ಲಿ. ಹೆಪಟೈಟಿಸ್ 'ಇ' ಮಟ್ಟಿಗೆ ನಮ್ಮ ದೇಶದಲ್ಲಿ ಈ ಎಣಿಕೆ ತಪ್ಪಲ್ಲ. 1955-56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಕೊಳಚೆ ಸೇರಿ ಸುಮಾರು 29 ಸಾವಿರ ಮಂದಿಗೆ ಕಾಮಾಲೆ ಬಂತು. ಅದು 'ಇ' ವೈರಾಣುವಿನ ಕೆಲಸವೆಂದು ತಿಳಿದದ್ದು ದಶಕಗಳ ನಂತರ. ಹೀಗಾಗಿ, ನಲ್ಲಿ ನೀರನ್ನು ನೇರವಾಗಿ ಕುಡಿಯಬಹುದಾದ ಯೂರೋಪಿನಲ್ಲಿ ಈ ರೋಗ ಇರಲಾರದು, ಕಂಡರೂ ಅದು ಏಷ್ಯಾ, ಆಫ್ರಿಕಾ ಸುತ್ತಿ ಬಂದವರು ಹೊತ್ತು ತಂದದ್ದು ಎಂದೇ ಅಲ್ಲಿನ ವೈದ್ಯರು ಬಹುಕಾಲ ನಂಬಿದ್ದರು.

ರಕ್ತ ಪರೀಕ್ಷೆಗಳು ಬೇರೆಯೇ ಕಥೆ ಹೇಳಿದವು. ನೈಋತ್ಯ ಫ್ರಾನ್ಸಿನ ರಕ್ತದಾನಿಗಳನ್ನು ಪರೀಕ್ಷಿಸಿದಾಗ ನೂರಕ್ಕೆ 52 ಮಂದಿಯಲ್ಲಿ ಈ ವೈರಾಣುವಿನ ವಿರುದ್ಧ ಪ್ರತಿಕಾಯಗಳಿದ್ದವು ಎಂದು 2011ರಲ್ಲಿ ಪ್ರಕಟವಾಯಿತು. ನೆದರ್ಲೆಂಡ್ಸ್‌ನ ದಾನಿಗಳಲ್ಲಿ ಈ ಪ್ರಮಾಣ ನೂರಕ್ಕೆ 27. ಅಮೆರಿಕದಲ್ಲಿ 1988-94ರ ನಡುವೆ ಸಂಗ್ರಹಿಸಿದ ರಕ್ತದಲ್ಲಿ ನೂರಕ್ಕೆ 21. ಆದರೆ ಅಲ್ಲಿಯೇ 2009-10ರ ರಕ್ತವನ್ನು ಬೇರೊಂದು ವಿಧಾನದಿಂದ ಪರೀಕ್ಷಿಸಿದಾಗ ಸಿಕ್ಕಿದ್ದು ನೂರಕ್ಕೆ 6 ಮಾತ್ರ. ಪರೀಕ್ಷೆ ಬದಲಾದರೆ ಅಂಕಿಯೂ ಬದಲಾಗುತ್ತದೆ. ಆದ್ದರಿಂದ ಈ ಸಂಖ್ಯೆಗಳನ್ನು ಒಂದರ ಪಕ್ಕ ಒಂದಿಟ್ಟು ಅಳೆಯುವಂತಿಲ್ಲ. ಮೇಲಾಗಿ ಪ್ರತಿಕಾಯವೆಂದರೆ ಸೋಂಕು ಎಂದೋ ಬಂದು ಹೋದುದರ ಗುರುತು ಅಷ್ಟೆ. ಅವರಲ್ಲಿ ಬಹುಪಾಲು ಜನರ ಕಣ್ಣು ಒಂದು ದಿನವೂ ಹಳದಿಯಾಗಿರಲಿಲ್ಲ.

ನೀರು ಶುದ್ಧವಾಗಿದ್ದರೆ ವೈರಾಣು ಬಂದದ್ದು ಎಲ್ಲಿಂದ? ಹಂದಿಯಿಂದ. 1997ರಲ್ಲಿ ಅಮೆರಿಕದ ಹಂದಿಗಳಲ್ಲಿ ಇದರ ಇರುವಿಕೆ ಪತ್ತೆಯಾಯಿತು. ನಮ್ಮಲ್ಲಿ ಮನುಷ್ಯರನ್ನು ಕಾಡುವುದು ಇದರ 1ನೇ ಬಗೆ. ಅದು ಮಲದಿಂದ ಕೆಟ್ಟ ನೀರಿನ ಮೂಲಕ ಹರಡುತ್ತದೆ. ಯೂರೋಪಿನದು 3ನೇ ಬಗೆ. ಸಾಕು ಹಂದಿ, ಕಾಡುಹಂದಿ, ಜಿಂಕೆಗಳ ಮೈಯಲ್ಲಿ ಅದರ ವಾಸ. ಹಂದಿಗೆ ಕಾಯಿಲೆಯ ಲಕ್ಷಣವೇ ಇರದು. ಫ್ರಾನ್ಸಿನ ಕಾರ್ಸಿಕಾ ದ್ವೀಪದಲ್ಲಿ ಹಂದಿಯ ಯಕೃತ್ತಿನಿಂದ ತಯಾರಿಸುವ ಫಿಗಟೆಲ್ಲು ಎಂಬ ಸಾಸೇಜನ್ನು ಹಲವರು ಬೇಯಿಸದೆಯೇ ತಿನ್ನುತ್ತಾರೆ. ಅದರಿಂದ ಸೋಂಕು ತಗುಲಿದ್ದು 2010ರಲ್ಲಿ ವರದಿಯಾಯಿತು. ಜಪಾನಿನಲ್ಲಿ ಹಸಿ ಜಿಂಕೆ ಮಾಂಸ ತಿಂದವರಿಗೆ ರೋಗ ಬಂದದ್ದು 2003ರಲ್ಲಿ ವರದಿಯಾಗಿತ್ತು. ಕೊಡಗಿನ ಪಂದಿಕರಿಯ ಪ್ರಿಯರು ಇದನ್ನೋದಿ ಗಾಬರಿಯಾಗಬೇಕಿಲ್ಲ. ಹದವಾಗಿ ಪೂರ್ತಿ ಬೆಂದ ಮಾಂಸದಲ್ಲಿ ವೈರಾಣು ಉಳಿಯದು. ಹಂದಿ ಯಕೃತ್ತಿನ ಖಾದ್ಯದ ಮೇಲೆ ನಡೆಸಿದ ಒಂದು ಪ್ರಯೋಗದಲ್ಲಿ ಅದು ಪೂರ್ತಿ ನಾಶವಾಗಲು 71 ಡಿಗ್ರಿ ಸೆಲ್ಸಿಯಸ್ ಶಾಖ 20 ನಿಮಿಷ ಬೇಕಾಯಿತು.

ನಮ್ಮ 1ನೇ ಬಗೆ ತುಂಬು ಗರ್ಭಿಣಿಯರಿಗೆ ಮಾರಕ. ಗರ್ಭಧಾರಣೆಯ ಕೊನೆಯ ಮೂರು ತಿಂಗಳಲ್ಲಿ ಬಂದರೆ ನೂರಕ್ಕೆ 20-25ರವರೆಗೂ ಸಾವು ಸಂಭವಿಸಬಹುದು. 3ನೇ ಬಗೆಗೆ ಆ ಉಗ್ರತೆ ಇಲ್ಲ. ಅದರಿಂದ ಕಾಯಿಲೆ ಬೀಳುವವರು ಹೆಚ್ಚಾಗಿ 50 ದಾಟಿದ ಗಂಡಸರು. ಎಷ್ಟೋ ವೇಳೆ ದೋಷವನ್ನು ಅವರು ನುಂಗುತ್ತಿದ್ದ ಮಾತ್ರೆಗಳ ಮೇಲೆ ಹೊರಿಸಲಾಗುತ್ತದೆ. ಅಮೆರಿಕದಲ್ಲಿ ಔಷಧದಿಂದ ಯಕೃತ್ತು ಕೆಟ್ಟಿದೆ ಎಂದು ಶಂಕಿಸಿದ್ದ 318 ಮಂದಿಯ ರಕ್ತವನ್ನು ಮತ್ತೆ ಪರೀಕ್ಷಿಸಿದಾಗ 9 ಮಂದಿಯಲ್ಲಿ ಹೊಸ 'ಇ' ಸೋಂಕಿನ ಸುಳಿವು ಸಿಕ್ಕಿತು.

ನಿಜವಾದ ಆತಂಕ ಇರುವುದು ಅಂಗ ಕಸಿ ಮಾಡಿಸಿಕೊಂಡವರಿಗೆ. ಹೆಪಟೈಟಿಸ್ 'ಇ' ಬಂದು ಹೋಗುವ ರೋಗ, ದೀರ್ಘಕಾಲ ಉಳಿಯದು ಎಂದು ನಮ್ಮ ಪಠ್ಯಪುಸ್ತಕಗಳು ಕಲಿಸಿದ್ದವು. 2008ರಲ್ಲಿ ಫ್ರಾನ್ಸಿನ ಟುಲೂಸ್ ನಗರದ ವೈದ್ಯರು ಕಸಿ ಮಾಡಿಸಿಕೊಂಡ 14 ಸೋಂಕಿತರ ಬಗ್ಗೆ ಬರೆದರು. 8 ಮಂದಿಯಲ್ಲಿ ವೈರಾಣು ತಿಂಗಳುಗಟ್ಟಲೆ ಬೀಡುಬಿಟ್ಟಿತ್ತು. ಇಂಥವರಲ್ಲಿ ಕೆಲವೇ ವರ್ಷಗಳಲ್ಲಿ ಯಕೃತ್ತು ಗಡುಸಾಗಿ ಸಿರೋಸಿಸ್ ಆಗಬಹುದು. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧದ ಪ್ರಮಾಣವನ್ನು ಇಳಿಸಿದರೆ ಕೆಲವರು ಗುಣವಾಗುತ್ತಾರೆ, ಉಳಿದವರಲ್ಲಿ ಹೆಚ್ಚಿನವರಿಗೆ ರಿಬಾವಿರಿನ್ ನೆರವಾಗುತ್ತದೆ. ಇದನ್ನು ತಜ್ಞರು ಮಾತ್ರ ನಿರ್ಧರಿಸಬೇಕು.

ರಕ್ತದ ಮೂಲಕವೂ ಸೋಂಕು ದಾಟಬಲ್ಲದು. ಇಂಗ್ಲೆಂಡಿನಲ್ಲಿ 2012-13ರಲ್ಲಿ ಪರೀಕ್ಷಿಸಿದ 2,25,000 ರಕ್ತದಾನಗಳ ಪೈಕಿ 79ರಲ್ಲಿ ವೈರಾಣುವಿತ್ತು. ಆ ರಕ್ತ ಪಡೆದವರಲ್ಲಿ 43 ಮಂದಿಯನ್ನು ಗಮನಿಸಿದಾಗ 18 ಮಂದಿಗೆ ಸೋಂಕು ತಗುಲಿತ್ತು. 2017ರಿಂದ ಅಲ್ಲಿ ದಾನಿಗಳ ರಕ್ತವನ್ನೆಲ್ಲ ಇದಕ್ಕಾಗಿ ಪರೀಕ್ಷಿಸುತ್ತಾರೆ.

ನಿಮ್ಮ ಮನೆಯವರು ಯಾರಾದರೂ ಮೂತ್ರಪಿಂಡವನ್ನೋ ಯಕೃತ್ತನ್ನೋ ಕಸಿ ಮಾಡಿಸಿಕೊಂಡು, ಮಗನನ್ನೋ ಮಗಳನ್ನೋ ನೋಡಲು ಯೂರೋಪಿಗೆ ಹೊರಟಿದ್ದರೆ, ಅಲ್ಲಿ ಅರೆಬೆಂದ ಹಂದಿ ಮಾಂಸ, ಬೇಯಿಸದ ಸಾಸೇಜು ಮುಟ್ಟದಿರಲು ಹೇಳಿ. ರೋಗ ತಲೆದೋರಲು 2ರಿಂದ 10 ವಾರ ಹಿಡಿಯುತ್ತದೆ. ಹಿಂದಿರುಗಿದ ಮೇಲೆ ರಕ್ತ ಪರೀಕ್ಷೆಯಲ್ಲಿ ಯಕೃತ್ತಿನ ಕಿಣ್ವಗಳು ಏರಿದ್ದರೆ, ಅಲ್ಲಿ ತಿಂದದ್ದೇನೆಂಬುದನ್ನೂ ಮರೆಯದೆ ವೈದ್ಯರಿಗೆ ತಿಳಿಸಿ. ಕಸಿಯಾದವರಲ್ಲಿ ಪ್ರತಿಕಾಯದ ಪರೀಕ್ಷೆ ಸುಳ್ಳು ಸಮಾಧಾನ ಕೊಡಬಹುದು. ರಕ್ತದಲ್ಲಿ ವೈರಾಣುವನ್ನೇ ಹುಡುಕುವ ಪರೀಕ್ಷೆ ಮಾಡಿಸಬೇಕಾಗುತ್ತದೆ.