ಹಿಮನದಿಯ ಮೇಲೆ ಕಾಲ್ನಡಿಗೆ

ನಾರ್ವೆ ದೇಶಕ್ಕೆ ಸೇರಿದ ಸ್ವಾಲ್ಬಾರ್ಡ್ ದ್ವೀಪಸಮೂಹದ ಅರ್ಧಕ್ಕಿಂತ ಹೆಚ್ಚು ನೆಲವು ಹಿಮನದಿಗಳಿಂದ ಮುಚ್ಚಿರುವುದು. 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಲಾಂಗ್‌ಇಯರ್‌ಬ್ಯೇನ್ ಪಟ್ಟಣದಿಂದ ಸಮೀಪದ ಹಿಮನದಿಗೆ ನಾವು ನಡೆದೇ ಹೋಗಬಹುದು. ಬೇಸಗೆಯ ನಡುರಾತ್ರಿಯಲ್ಲಿಯೂ ಅಲ್ಲಿ ಸೂರ್ಯನು ಮುಳುಗನು.

ಮಾರ್ಗದರ್ಶಕನು ಬಂದೂಕನ್ನು ಹೆಗಲಿಗೇರಿಸಿ ಮುಂದೆ ನಡೆಯುವನು. ಇದನ್ನು ಬೇಟೆಯೆಂದು ವಾಚಕರು ಬಗೆಯಬಾರದು. ಹಿಮಕರಡಿಯು 1973ರಿಂದ ಇಲ್ಲಿ ಕಾಯಿದೆಯ ರಕ್ಷಣೆಯಲ್ಲಿರುವುದು. ಬಂದೂಕು ಪ್ರಾಣಸಂಕಟದಲ್ಲಿ ಕಟ್ಟಕಡೆಯ ಉಪಾಯ ಮಾತ್ರ. 2025ರಿಂದ ಜಾರಿಯಲ್ಲಿರುವ ಕಟ್ಟಳೆಯಂತೆ ಕರಡಿಯಿಂದ 300 ಮೀಟರ್, ಮಾರ್ಚಿಯಿಂದ ಜೂನ್ ಮುಗಿಯುವವರೆಗೆ 500 ಮೀಟರ್ ದೂರವಿರತಕ್ಕದ್ದು. ಅದಕ್ಕಿಂತ ಹತ್ತಿರ ಕಂಡರೆ ನಾವೇ ಹಿಂದೆ ಸರಿಯಬೇಕು.

ಹಿಮನದಿಯ ಅಂಚಿನ ಕಲ್ಲುರಾಶಿಯಲ್ಲಿ ಎಲೆಗಳ ಅಚ್ಚೊತ್ತಿದ ಶಿಲೆಗಳು ದೊರೆಯುತ್ತವೆ. ಐದು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಕಾಡು ಬೆಳೆದಿತ್ತೆಂಬುದಕ್ಕೆ ಅವೇ ಸಾಕ್ಷಿ! ಮುಂದೆ, ಪಾದರಕ್ಷೆಗಳಿಗೆ ಕಬ್ಬಿಣದ ಮುಳ್ಳುಗಳನ್ನು ಬಿಗಿದು, ಎಲ್ಲರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆಯುತ್ತೇವೆ. ನಯವಾದ ಹಿಮದ ಹೊದಿಕೆಯ ಕೆಳಗೆ ಆಳವಾದ ಬಿರುಕು ಅಡಗಿರಬಹುದು. ಒಬ್ಬನು ಜಾರಿದರೆ ಉಳಿದವರ ಕಾಲ್ಬಲವೇ ಅವನ ಪ್ರಾಣ.

ಇಳಿಯುವಾಗ ಕಣಿವೆಯಲ್ಲಿ ಗಿಡ್ಡಕಾಲಿನ ಹಿಮಸಾರಂಗಗಳು ಮೇಯುತ್ತಿರುತ್ತವೆ. ಗೂಡಿನ ಬಳಿಗೆ ಬಂದವರ ತಲೆಗೆ ಕಡಲಹಕ್ಕಿಯು ಎರಗುವುದು. ಕೋಲನ್ನೆತ್ತಿ ಹಿಡಿದರೆ ಅದು ಕೋಲನ್ನೇ ಕುಕ್ಕುವುದು. ಆದರೆ ಸಾರಂಗವು ಹಾಗೆ ಎದುರಿಸಲಾರದು, ಓಡುವುದು. ಅಲ್ಪಕಾಲದ ಬೇಸಗೆಯಲ್ಲಿ ಕೂಡಿಸಿದ ಕೊಬ್ಬೇ ದೀರ್ಘ ಚಳಿಗಾಲದಲ್ಲಿ ಅದಕ್ಕೆ ಬುತ್ತಿ. ನಮ್ಮ ಕುತೂಹಲಕ್ಕಾಗಿ ಅದನ್ನು ಓಡಿಸುವುದು ಆ ಬುತ್ತಿಯನ್ನು ಕಸಿದಂತೆ. ಆದಕಾರಣ ದೂರದಲ್ಲಿ ಸುಮ್ಮನೆ ಕುಳಿತು ದುರ್ಬೀನಿನಿಂದ ನೋಡುವವನೇ ಅಲ್ಲಿ ಒಳ್ಳೆಯ ಅತಿಥಿ.