ಹಳೆ ಲಾರಿ ಇಂಜಿನ್ ಬಿಚ್ಚಿದ ಮೇಲೆ ಯಾರ ಅಳತೆಯನ್ನು ನಂಬಬೇಕು?

(ಪಾಡ್‌ಕಾಸ್ಟ್ ಕಂತಿನ ಲಿಖಿತ ರೂಪ)

ಈ ಸಲದ ಕಂತು ಒಂದೇ ಒಂದು ಹಳೆ ಲಾರಿ ಇಟ್ಕೊಂಡು ಮನೆ ನಡೆಸುವವರಿಗೆ. ಲಾರಿ ಹೊಗೆ ಕಕ್ತಿದೆ, ಆಯಿಲ್ ಕುಡೀತಿದೆ, ಇಂಜಿನ್ ಇಳಿಸಲೇಬೇಕು ಅಂತ ಮೇಸ್ತ್ರಿ ಹೇಳಿದ್ದಾರೆ. ಇಳಿಸಿದ್ದೂ ಆಯ್ತು. ಈಗ ಪ್ರಶ್ನೆ ಏನಂದ್ರೆ, ಬೋರ್ ಎಷ್ಟಿರಬೇಕು, ಬೇರಿಂಗ್‌ಗೆ ಎಷ್ಟು ಸಂದು ಬಿಡಬೇಕು, ಹೆಡ್ ಬೋಲ್ಟ್ ಎಷ್ಟು ಬಿಗಿ ಮಾಡಬೇಕು? ಒಬ್ಬರು ಒಂದು ಹೇಳ್ತಾರೆ, ಇನ್ನೊಬ್ಬರು ಇನ್ನೊಂದು. ಮೊಬೈಲಿನಲ್ಲಿ ಮೂರನೇದು ಸಿಗುತ್ತೆ.

ನಾನು ಓದಿದ್ದು ಬಿಕಾಂ. ಸ್ಪ್ಯಾನರ್ ಹಿಡಿಯೋದರಲ್ಲಿ ನಿಮ್ಮ ಮೇಸ್ತ್ರಿ ಮುಂದೆ ನಾನು ಏನೂ ಅಲ್ಲ. ಆದರೆ ನಮ್ಮ ಆಡಿಟಿಂಗ್ ಪಾಠದಲ್ಲಿ ಒಂದು ಮಾತಿದೆ: ವೋಚರ್ ಇಲ್ಲದ ಎಂಟ್ರಿ ನಂಬಬೇಡ. ಇಂಜಿನ್ ಕೆಲಸಕ್ಕೂ ಅದೇ ಮಾತು ಅನ್ವಯಿಸುತ್ತೆ. ಅಳತೆ ಅಂದರೆ ಒಂದು ಎಂಟ್ರಿ. ಅದು ಎಲ್ಲಿಂದ ಬಂತು ಅನ್ನೋದಕ್ಕೆ ದಾಖಲೆ ಬೇಕು. ಇಲ್ಲಿ ತಪ್ಪಾದರೆ ಬೇರಿಂಗ್ ಹೋಗುತ್ತೆ, ಅದರ ಹಿಂದೆ ಕ್ರ್ಯಾಂಕ್ ಹೋಗುತ್ತೆ, ಲಾರಿ ಮತ್ತೆ ಶೆಡ್‌ನಲ್ಲಿ ನಿಲ್ಲುತ್ತೆ. ಸಾಲದ ಕಂತು ಮಾತ್ರ ನಿಲ್ಲಲ್ಲ.

ಮೊದಲ ಕೆಲಸ, ನಿಮ್ಮ ಹತ್ತಿರ ಇರೋದು ಯಾವ ಇಂಜಿನ್ ಅಂತ ಖಚಿತ ಮಾಡಿಕೊಳ್ಳೋದು. ಬಾನೆಟ್ ಮೇಲಿನ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಮೂವತ್ತು ನಲವತ್ತು ವರ್ಷ ಓಡಿದ ಲಾರಿಯಲ್ಲಿ ಇಂಜಿನ್ನೇ ಬದಲಾಗಿರಬಹುದು. ಬ್ಲಾಕ್ ಮೇಲೆ ಕೆತ್ತಿರುವ ನಂಬರ್ ಅನ್ನು ವೈರ್ ಬ್ರಷ್‌ನಿಂದ ಉಜ್ಜಿ, ಫೋಟೋ ತೆಗೆದು, ಆರ್‌ಸಿ ಜೊತೆ ತಾಳೆ ನೋಡಿ.

ಟಾಟಾ ಇಂಜಿನ್‌ಗಳನ್ನೇ ತಗೊಳ್ಳಿ. 697 ಅಂದರೆ 6 ಸಿಲಿಂಡರ್, 97 ಎಂಎಂ ಬೋರ್. 692 ಅಂದರೆ 6 ಸಿಲಿಂಡರ್, 92 ಎಂಎಂ ಬೋರ್. ಹೆಸರಲ್ಲೇ ಅರ್ಧ ಮಾಹಿತಿ ಇದೆ. ಆದರೆ ಅರ್ಧ ಮಾತ್ರ. 497 ಅನ್ನೋ ಹೆಸರು ನೋಡಿ: 4 ಸಿಲಿಂಡರ್, 97 ಎಂಎಂ ಬೋರ್. 407 ಗಾಡಿಯಲ್ಲಿ ಬಂದ 2956 ಸಿಸಿ ಇಂಜಿನ್‌ಗೂ ಇದೇ ಹೆಸರು, ದೊಡ್ಡ ಗಾಡಿಗಳ 3783 ಸಿಸಿ ಟರ್ಬೊ ಇಂಜಿನ್‌ಗೂ ಇದೇ ಹೆಸರು. ಮೊದಲನೆಯದರ ಸ್ಟ್ರೋಕ್ 100 ಎಂಎಂ, ಎರಡನೆಯದರದ್ದು 128 ಎಂಎಂ. "497ರ ಅಳತೆ ಕಳಿಸಿ" ಅಂತ ಕೇಳಿದರೆ ಯಾವುದರದ್ದು ಬರುತ್ತೆ ಹೇಳಿ?

ಇದನ್ನು ಕ್ಯಾಲ್ಕುಲೇಟರ್ ಹಿಡಿದು ನೀವೇ ಪರೀಕ್ಷೆ ಮಾಡಬಹುದು. ಬೋರ್ ಅನ್ನು ಸೆಂಟಿಮೀಟರಿನಲ್ಲಿ ಬರೆದು ಅದರಿಂದಲೇ ಗುಣಿಸಿ, 0.7854ರಿಂದ ಗುಣಿಸಿ, ಸ್ಟ್ರೋಕ್‌ನಿಂದ ಗುಣಿಸಿ, ಸಿಲಿಂಡರ್ ಸಂಖ್ಯೆಯಿಂದ ಗುಣಿಸಿ. 697ಕ್ಕೆ 9.7, 9.7, 0.7854, 12.8, 6. ಉತ್ತರ 5675 ಸಿಸಿ. ಪುಸ್ತಕದಲ್ಲಿರುವ ಸಂಖ್ಯೆಯೂ ಅದೇ. ಯಾರೋ ಕಳಿಸಿದ ಹಾಳೆಯಲ್ಲಿ ಬೋರ್, ಸ್ಟ್ರೋಕ್, ಸಿಸಿ ಒಂದಕ್ಕೊಂದು ತಾಳೆ ಆಗದಿದ್ದರೆ ಆ ಹಾಳೆಯ ಉಳಿದ ಸಂಖ್ಯೆಗಳನ್ನೂ ಅನುಮಾನದಿಂದಲೇ ನೋಡಿ.

ಇಲ್ಲಿ ಇನ್ನೊಂದು ಬಲೆ ಇದೆ. 1954ರಲ್ಲಿ ಟೆಲ್ಕೋ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಲಾರಿ ಕಟ್ಟಲು ಶುರು ಮಾಡಿತು. 1969ರಲ್ಲಿ ಆ ಒಪ್ಪಂದ ಮುಗಿಯಿತು. ಬೆಂಜ್‌ನ ಓಎಂ 352 ಇಂಜಿನ್ನಿನ ಬೋರ್, ಸ್ಟ್ರೋಕ್ ಎರಡೂ 697ರಷ್ಟೇ. ಹಾಗಾಗಿ ಬೆಂಜ್ ಮ್ಯಾನ್ಯುಯಲ್ ಸುಲಭವಾಗಿ ಸಿಕ್ಕಿದಾಗ ಅದರ ಸಂಖ್ಯೆಗಳನ್ನೇ ಇಲ್ಲಿಗೆ ಹಾಕಿಬಿಡೋಣ ಅನ್ನಿಸುತ್ತೆ. ಆದರೆ ಬೋರ್ ಒಂದೇ ಆದ ಮಾತ್ರಕ್ಕೆ ಬೋಲ್ಟ್, ಗ್ಯಾಸ್ಕೆಟ್, ಪಿಸ್ಟನ್ ಲೋಹ ಎಲ್ಲ ಒಂದೇ ಅಂತ ಅಲ್ಲ. ಸಂಬಂಧಿಕರ ಜಾತಕ ಇಟ್ಕೊಂಡು ನಿಮ್ಮ ಮದುವೆಗೆ ಮುಹೂರ್ತ ಇಟ್ಟ ಹಾಗಾಗುತ್ತೆ.

ಲೇಲ್ಯಾಂಡ್ ಕಥೆ ಬೇರೆ. ಹಳೆ 370 ಇಂಜಿನ್ನಿನ ಹೆಸರು ಬಂದಿದ್ದು ಘನ ಇಂಚಿನ ಲೆಕ್ಕದಲ್ಲಿ. 370 ಘನ ಇಂಚು ಅಂದರೆ ಸುಮಾರು 6 ಲೀಟರ್. ಆ ಕಾಲದ ಬ್ರಿಟಿಷ್ ವಿನ್ಯಾಸ ಇಂಚಿನಲ್ಲಿ ಯೋಚಿಸುತ್ತೆ. ಅಲ್ಲಿ ಎಂಎಂ ಹಾಳೆ ಸಿಕ್ಕಿದರೆ ಯಾರೋ ಮಧ್ಯದಲ್ಲಿ ಪರಿವರ್ತನೆ ಮಾಡಿರಬಹುದು ಅನ್ನೋದು ನೆನಪಿರಲಿ.

ಈಗ ಯೂನಿಟ್ ವಿಷಯಕ್ಕೆ ಬರೋಣ. ನನ್ನ ಪ್ರಕಾರ ತಪ್ಪು ನುಸುಳೋಕೆ ಅತಿ ಸುಲಭದ ಬಾಗಿಲು ಇದೇ. ಟಾರ್ಕ್ ಅನ್ನು ಕೆಲವು ಪುಸ್ತಕ ಕಿಲೋ-ಮೀಟರಿನಲ್ಲಿ ಕೊಡುತ್ತೆ, ಕೆಲವು ನ್ಯೂಟನ್-ಮೀಟರಿನಲ್ಲಿ, ಕೆಲವು ಪೌಂಡ್-ಅಡಿಯಲ್ಲಿ. 10 ಕಿಲೋ-ಮೀಟರ್ ಅಂದರೆ ಸುಮಾರು 98 ನ್ಯೂಟನ್-ಮೀಟರ್. 1 ಪೌಂಡ್-ಅಡಿ ಅಂದರೆ ಸುಮಾರು 1.36 ನ್ಯೂಟನ್-ಮೀಟರ್. ಹಾಳೆಯಲ್ಲಿ ಬರೀ "100" ಅಂತ ಇದೆ ಅಂದುಕೊಳ್ಳಿ. ಬರೆದವರ ಮನಸ್ಸಲ್ಲಿ ಇದ್ದದ್ದು ನ್ಯೂಟನ್-ಮೀಟರ್, ನಿಮ್ಮ ಟಾರ್ಕ್ ವ್ರೆಂಚ್ ಇರೋದು ಪೌಂಡ್-ಅಡಿಯದ್ದು. ಶೇ. 36ರಷ್ಟು ಹೆಚ್ಚು ಬಿಗಿ ಮಾಡಿದ ಹಾಗೆ. ಬೋಲ್ಟ್ ಎಳೆದುಕೊಂಡು ಸೋತುಹೋಗುತ್ತೆ. ಘಾಟಿ ಹತ್ತುವಾಗ ಹೆಡ್ ಗ್ಯಾಸ್ಕೆಟ್ ಹೋದರೆ ಆಗ ಗೊತ್ತಾಗುತ್ತೆ.

ಸಂಖ್ಯೆ ಸರಿಯಿದ್ದರೂ ಸಾಲದು. ಬೋಲ್ಟ್ ಮರೆಗೆ ಆಯಿಲ್ ಹಚ್ಚಬೇಕಾ, ಒಣಗಿರಬೇಕಾ ಅಂತ ಪುಸ್ತಕ ಹೇಳಿದ್ದನ್ನೂ ನೋಡಬೇಕು. ಆಯಿಲ್ ಹಚ್ಚಿದರೆ ತಿಕ್ಕಾಟ ಕಡಿಮೆಯಾಗಿ, ಅದೇ ಟಾರ್ಕ್‌ಗೆ ಬೋಲ್ಟ್ ಹೆಚ್ಚು ಎಳೆದುಕೊಳ್ಳುತ್ತೆ. ವಾಲ್ವ್ ಕ್ಲಿಯರೆನ್ಸ್ ಹಾಗೇ: ಇಂಜಿನ್ ತಣ್ಣಗಿದ್ದಾಗಲಾ, ಬಿಸಿಯಿದ್ದಾಗಲಾ ಅಂತ ಬರೆದಿಲ್ಲದ ಸಂಖ್ಯೆ ಅರ್ಧ ಸಂಖ್ಯೆ.

ಬೇರಿಂಗ್ ಅಳತೆಯಲ್ಲಿ ದಶಮಾಂಶ ಜಾರೋದು ದೊಡ್ಡ ಅಪಾಯ. ಜರ್ಮನ್ ಪುಸ್ತಕಗಳಲ್ಲಿ ದಶಮಾಂಶಕ್ಕೆ ಚುಕ್ಕಿ ಬದಲು ಅಲ್ಪವಿರಾಮ ಇರುತ್ತೆ, 0,07 ಅಂತ. ನಕಲು ಮಾಡುವವರು ಅದನ್ನು ಏನು ಬೇಕಾದರೂ ಮಾಡಬಹುದು. ಇದಕ್ಕೆ ಒಂದು ಹಳೇ ಅಂದಾಜು ಸೂತ್ರ ಉಂಟು: ಜರ್ನಲ್ ವ್ಯಾಸದ ಪ್ರತಿ ಇಂಚಿಗೆ ಸುಮಾರು 1 ಥೌ, ಅಂದರೆ ಇಂಚಿನ ಸಾವಿರದ ಒಂದು ಭಾಗ, ಸಂದು. 70 ಎಂಎಂ ಜರ್ನಲ್‌ಗೆ ಸುಮಾರು 0.07 ಎಂಎಂ ಬರುತ್ತೆ. ಇದನ್ನು ನೋಡಿ ಇಂಜಿನ್ ಕಟ್ಟಬೇಡಿ. ಹಾಳೆಯಲ್ಲಿ 0.7 ಅಥವಾ 0.007 ಅಂತ ಇದ್ದರೆ "ಇದು ಎಲ್ಲೋ ತಪ್ಪಿದೆ" ಅಂತ ಹಿಡಿಯೋಕೆ ಮಾತ್ರ ಬಳಸಿ.

ಹಾಗಾದರೆ ಯಾರನ್ನು ನಂಬೋದು? ನಾನು ಹೀಗೆ ಸಾಲು ಮಾಡ್ತೀನಿ. ಮೊದಲನೆಯದು, ನಿಮ್ಮ ಇಂಜಿನ್ ನಂಬರ್ ಯಾವ ಸರಣಿಗೆ ಸೇರುತ್ತೋ ಆ ಸರಣಿಯ ಕಂಪನಿ ವರ್ಕ್‌ಶಾಪ್ ಮ್ಯಾನ್ಯುಯಲ್, ಜೊತೆಗೆ ಪಾರ್ಟ್ಸ್ ಕ್ಯಾಟಲಾಗ್. ಎರಡನೆಯದು, ನೀವು ಕೊಂಡ ಪಿಸ್ಟನ್, ಬೇರಿಂಗ್, ಗ್ಯಾಸ್ಕೆಟ್ ತಯಾರಿಸಿದವರ ಕ್ಯಾಟಲಾಗ್. ಕೆಲವು ಪಿಸ್ಟನ್‌ಗಳ ತಲೆಯ ಮೇಲೇ ಅಳತೆ, ಕ್ಲಿಯರೆನ್ಸ್ ಕೆತ್ತಿರುತ್ತೆ. ಮೂರನೆಯದು, ಬಿಚ್ಚಿದ ಇಂಜಿನ್ನೇ. ಹಳೆ ಬೇರಿಂಗ್‌ನ ಬೆನ್ನು ನೋಡಿ. ಸ್ಟ್ಯಾಂಡರ್ಡ್ ಅಂತಲೋ, 0.25 ಅಥವಾ 0.50 ಅಂತಲೋ ಗುರುತಿದ್ದರೆ ಕಳೆದ ಸಲ ಕ್ರ್ಯಾಂಕ್ ಎಷ್ಟು ಗ್ರೈಂಡ್ ಆಗಿತ್ತು ಅಂತ ಗೊತ್ತಾಗುತ್ತೆ. ಆದರೂ ಮೈಕ್ರೋಮೀಟರ್ ಇಟ್ಟು ಅಳೆಯದೆ ಹೊಸ ಸೆಟ್ ತರಬೇಡಿ.

ಡೀಸೆಲ್ ಪಂಪ್‌ನ ಪ್ಲೇಟ್ ಕೂಡ ಮಾತಾಡುತ್ತೆ. ಬೆಂಗಳೂರಿನ ಆಡುಗೋಡಿಯ ಮೈಕೋ, ಅಂದರೆ ಈಗಿನ ಬಾಷ್, ಪಂಪ್‌ಗಳ ಮೇಲೆ "ಪಿಇಎಸ್ 6ಎ 90" ಥರದ ನಂಬರ್ ಇರುತ್ತೆ. 6 ಅಂದರೆ ಸಿಲಿಂಡರ್, ಎ ಅಂದರೆ ಪಂಪ್ ಗಾತ್ರ, 90 ಅಂದರೆ 9.0 ಎಂಎಂ ಪ್ಲಂಜರ್. ಪಂಪ್ ಸರ್ವಿಸ್‌ನವರು ಕ್ಯಾಲಿಬ್ರೇಷನ್ ಚಾರ್ಟ್ ಹುಡುಕೋದು ಈ ಪೂರ್ತಿ ನಂಬರ್ ಇಟ್ಕೊಂಡು. "1612ರ ಪಂಪ್" ಅಂತ ಹೇಳಿದರೆ ಸಾಲಲ್ಲ.

ಮೇಸ್ತ್ರಿಯ ಅನುಭವಕ್ಕೆ ಬೆಲೆ ಇಲ್ವಾ? ಖಂಡಿತ ಇದೆ. ಯಾವ ಬ್ಲಾಕ್ ಎಲ್ಲಿ ಬಿರುಕು ಬಿಡುತ್ತೆ, ಯಾವ ನಕಲಿ ಗ್ಯಾಸ್ಕೆಟ್ ಎಷ್ಟು ದಿನ ಬರುತ್ತೆ ಅನ್ನೋದು ಯಾವ ಪುಸ್ತಕದಲ್ಲೂ ಇಲ್ಲ. ಆದರೆ ನೂರಾರು ಇಂಜಿನ್ನಿನ ಸಂಖ್ಯೆಗಳನ್ನು ತಲೆಯಲ್ಲೇ ಇಟ್ಟುಕೊಳ್ಳಿ ಅಂತ ಅವರನ್ನು ಕೇಳೋದು ಅನ್ಯಾಯ. "ಅಣ್ಣಾ, ನೀವು ಹೇಳಿದ್ದು ಬರ್ಕೊಳ್ತೀನಿ, ಪುಸ್ತಕದ ಜೊತೆ ಒಮ್ಮೆ ನೋಡಿಬಿಡೋಣ" ಅಂದರೆ ಒಳ್ಳೆ ಮೇಸ್ತ್ರಿ ಬೇಜಾರು ಮಾಡ್ಕೊಳ್ಳಲ್ಲ.

ಇನ್ನು ವಾಟ್ಸಾಪ್ ಫೋಟೋ. ಐದು ಗ್ರೂಪಿನಲ್ಲಿ ಅದೇ ಹಾಳೆ ಬಂದರೆ ಐದು ಸಾಕ್ಷಿ ಸಿಕ್ಕಿತು ಅಂತ ಅಲ್ಲ. ಸಾಕ್ಷಿ ಒಂದೇ, ಜೆರಾಕ್ಸ್ ಐದು. ಪುಸ್ತಕದ ಹೆಸರು, ಇಸವಿ, ಪುಟ ಕಾಣದ ಫೋಟೋ ಬಂದರೆ, ಮುಖಪುಟದ ಫೋಟೋ ಕೂಡ ಕಳಿಸಿ ಅಂತ ಕೇಳಿ.

ಕೊನೆಯದಾಗಿ ಒಂದು ಕೆಲಸ. ಲೇತ್‌ಗೆ ಬ್ಲಾಕ್ ಕಳಿಸುವ ಮೊದಲು ಒಂದು ಹಾಳೆಯಲ್ಲಿ ಗೆರೆ ಹಾಕಿ: ಭಾಗ, ಬಿಚ್ಚಿದಾಗಿನ ಅಳತೆ, ಇರಬೇಕಾದ ಅಳತೆ, ಯೂನಿಟ್, ಎಲ್ಲಿಂದ ಸಿಕ್ಕಿತು, ಕೆಲಸದ ನಂತರದ ಅಳತೆ. ಐದನೇ ಕಾಲಂ ಖಾಲಿ ಇರುವ ಸಾಲಿಗೆ ಲೋಹ ಕತ್ತರಿಸಲು ಒಪ್ಪಿಗೆ ಕೊಡಬೇಡಿ. ಗ್ರೈಂಡ್ ಆದ ಕ್ರ್ಯಾಂಕಿಗೆ ಹೋದ ಲೋಹ ಸುಲಭಕ್ಕೆ ವಾಪಸ್ ಬರಲ್ಲ, ಒಂದು ದಿನ ಕಾಯೋದು ಅದಕ್ಕಿಂತ ಅಗ್ಗ. ಕೆಲಸ ಮುಗಿದ ಮೇಲೆ ಹಾಳೆಯನ್ನು ಆರ್‌ಸಿ, ಇನ್ಶೂರೆನ್ಸ್ ಜೊತೆ ಫೈಲಿನಲ್ಲಿಡಿ. ಮುಂದೆ ಆ ಇಂಜಿನ್ ಬಿಚ್ಚುವವರು ಯಾರೇ ಆಗಲಿ, ಅವರಿಗೆ ಸಿಗುವ ಮೊದಲ ನಂಬಿಕಸ್ಥ ದಾಖಲೆ ಅದೇ.